ಓಡಿದರೆ ಕಾಲು ದಪ್ಪವಾಗುವುದೆ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ನೀಲಗಿರಿಯ ಈ ಬೆಟ್ಟಗಳಲ್ಲಿ ನಮ್ಮ ನುಡಿ ಉಳಿದುಬಂದ ಬಗೆಯನ್ನು ಕುರಿತು ಬರೆಯುತ್ತೇನೆಂದು ಅವರು ನಿರೀಕ್ಷಿಸಿರಬಹುದು. ಆ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ನಾನು ಎತ್ತಿಕೊಂಡಿರುವುದು ಮೇಲ್ನೋಟಕ್ಕೆ ತೀರ ಸಣ್ಣದೆಂದು ತೋರುವ ಒಂದು ಪ್ರಶ್ನೆ: ಓಡಿದರೆ ಕಾಲು ದಪ್ಪವಾಗುವುದೆ? ನಗುವವರು ನಗಲಿ. ಈ ಪ್ರಶ್ನೆಗೆ ತಪ್ಪು ಉತ್ತರವನ್ನು ನಂಬಿ ನಾನು ಒಂದು ಅನ್ಯಾಯ ಮಾಡಿದ್ದೇನೆ. ಅದನ್ನು ಒಪ್ಪಿಕೊಳ್ಳಲು ನಾನು ಓದಿದ ಶಾಲೆಯ ಸಂಚಿಕೆಗಿಂತ ತಕ್ಕ ಸ್ಥಳ ಬೇರೊಂದಿಲ್ಲ.

ನನ್ನ ಮಗಳು ಎಂಟನೆಯ ತರಗತಿಯಲ್ಲಿದ್ದಾಗ ವಾರ್ಷಿಕ ಕ್ರೀಡಾಕೂಟದ 200 ಮೀಟರ್ ಓಟದಲ್ಲಿ ಮೊದಲಿಗಳಾಗಿ ಬಂದಳು. ದೈಹಿಕ ಶಿಕ್ಷಕರು ಮನೆಯವರೆಗೂ ಬಂದು, ದಿನವೂ ಸಂಜೆ ಒಂದು ಗಂಟೆ ಅಭ್ಯಾಸಕ್ಕೆ ಕಳುಹಿಸಿದರೆ ಜಿಲ್ಲಾ ಮಟ್ಟದ ಸ್ಪರ್ಧೆಗೆ ಅಣಿಗೊಳಿಸುವೆನೆಂದರು. ಅವರು ಕಾಫಿ ಕುಡಿದು ಹೊರಟ ಮೇಲೆ ಒಳಗಿನಿಂದ ನಮ್ಮ ಅತ್ತೆಯವರ ಮಾತು ಬಂತು: "ಹೆಣ್ಣುಮಗೂನ ಹಿಂಗೆ ಓಡಿಸಿ ಓಡಿಸಿ ಕಾಲು ಕಂಬದ ಥರ ಆದ್ರೆ, ನಾಳೆ ಯಾರು ಬಂದು ನೋಡ್ತಾರೆ?" ನೆರೆಮನೆಯವರೂ ಹೌದೆಂದರು. ನಾನು ವಿಚಾರಿಸಲಿಲ್ಲ, ತಿಳಿದವರನ್ನು ಕೇಳಲಿಲ್ಲ. ಮರುದಿನ ಶಾಲೆಗೆ ಹೋಗಿ, ಓದಿಗೆ ತೊಂದರೆಯಾಗುತ್ತದೆಂದು ಸುಳ್ಳು ಕಾರಣ ಹೇಳಿ ಬಂದೆ. ಮಗಳು ಅಳಲಿಲ್ಲ, ಸುಮ್ಮನಾದಳು.

ಕಳೆದ ವರ್ಷ ಆಕೆಯ ಮಗಳು, 13 ವರ್ಷದ ನನ್ನ ಮೊಮ್ಮಗಳು, ಶಾಲೆಯ ಓಟದ ತಂಡಕ್ಕೆ ಸೇರುತ್ತೇನೆಂದಳು. "ಬೇಡಮ್ಮ, ಕಾಲು ದಪ್ಪ ಆಗುತ್ತೆ" ಎಂದಳು ನನ್ನ ಮಗಳು. ನಾನು ತಡೆಯಲಾರದೆ, "ಯಾರಮ್ಮ ಹೇಳಿದ್ದು ನಿನಗೆ ಅದನ್ನ?" ಎಂದೆ. "ನೀವೇ ಅಲ್ವಾ ಅಪ್ಪಾ?" ಎಂದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಂದಿನಿಂದ ಈ ವಿಷಯವನ್ನು ಓದಿದೆ, ಬಲ್ಲವರನ್ನು ಕೇಳಿದೆ. ತಿಳಿದುದನ್ನು ಸರಳವಾಗಿ ಹೇಳುತ್ತೇನೆ.

ಸ್ನಾಯು ಬೆಳೆಯುವುದು ಭಾರಕ್ಕೆ. ತನ್ನ ಶಕ್ತಿಯ ಎಲ್ಲೆಯ ಹತ್ತಿರದ ಭಾರವನ್ನು ಕೆಲವೇ ಬಾರಿ, ಆದರೆ ಮತ್ತೆ ಮತ್ತೆ ಎತ್ತಬೇಕಾಗಿ ಬಂದಾಗ, ಜೊತೆಗೆ ಸಾಕಷ್ಟು ಆಹಾರವೂ ವಿಶ್ರಾಂತಿಯೂ ದೊರೆತಾಗ, ಸ್ನಾಯುವಿನ ತಂತುಗಳು ದಪ್ಪವಾಗುತ್ತವೆ. ಗರಡಿಯ ಪೈಲ್ವಾನನ ತೊಡೆ ದಪ್ಪವಾಗುವುದು ಹೀಗೆ. ದೂರದ ಓಟದ ಕೆಲಸವೇ ಬೇರೆ. ಅಲ್ಲಿ ಪ್ರತಿ ಹೆಜ್ಜೆಯ ಭಾರ ಕಡಿಮೆ, ಹೆಜ್ಜೆಗಳು ಮಾತ್ರ ಸಾವಿರಾರು. ಇಂಥ ಕೆಲಸಕ್ಕೆ ದೇಹವು ಸ್ನಾಯುವನ್ನು ಹಿಗ್ಗಿಸುವುದಕ್ಕಿಂತ ಹೆಚ್ಚಾಗಿ ಅದರ ಒಳವ್ಯವಸ್ಥೆಯನ್ನು ಉತ್ತಮಪಡಿಸುತ್ತದೆ. ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಹುಟ್ಟಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಹೊತ್ತೊಯ್ಯಬೇಕಾದ ತೂಕ ಕಡಿಮೆಯಿದ್ದಷ್ಟೂ ದೂರ ಓಡುವವರಿಗೆ ಅನುಕೂಲ.

ನಮ್ಮ ಸ್ನಾಯುಗಳಲ್ಲಿ ಎರಡು ಬಗೆಯ ತಂತುಗಳಿವೆ. ಒಂದು ನಿಧಾನವಾಗಿ ಸಂಕೋಚಗೊಂಡು ಬಹುಕಾಲ ದಣಿಯದಿರುವುದು. ಇನ್ನೊಂದು ಥಟ್ಟನೆ ಬಲವಾಗಿ ಸಂಕೋಚಗೊಂಡು ಬೇಗ ದಣಿಯುವುದು. ಬಲದ ಅಭ್ಯಾಸಕ್ಕೆ ಹೆಚ್ಚು ಹಿಗ್ಗುವುದು ಎರಡನೆಯ ಬಗೆ. 2009ರಲ್ಲಿ ಬರ್ಲಿನ್ ನಗರದಲ್ಲಿ 100 ಮೀಟರುಗಳನ್ನು 9.58 ಸೆಕೆಂಡುಗಳಲ್ಲಿ ಓಡಿದ ಜಮೈಕಾದ ಉಸೇನ್ ಬೋಲ್ಟ್‌ನ ಚಿತ್ರವನ್ನೂ, 2019ರಲ್ಲಿ ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು ಎರಡು ಗಂಟೆಯೊಳಗೆ ಮುಗಿಸಿದ ಕೆನ್ಯಾದ ಎಲಿಯುಡ್ ಕಿಪ್ಚೋಗೆಯ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿರಿ. ಇಬ್ಬರೂ ಓಟಗಾರರೇ. ಒಬ್ಬರ ತೊಡೆ ತುಂಬಿಕೊಂಡಿದೆ, ಇನ್ನೊಬ್ಬರ ಕಾಲು ಕಬ್ಬಿನ ಜಲ್ಲೆಯಂತಿದೆ. ವೇಗದ ಓಟಗಾರರು ಓಟದ ಜೊತೆಗೆ ವರ್ಷಗಟ್ಟಲೆ ಭಾರ ಎತ್ತುವ ಕಸರತ್ತನ್ನೂ ಮಾಡುತ್ತಾರೆಂಬುದನ್ನು ಮರೆಯಬಾರದು.

ನಮ್ಮ ನಾಡಿನಲ್ಲೇ ಒಂದು ನಿದರ್ಶನವಿದೆ. 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೆಸರುಗದ್ದೆಯಲ್ಲಿ ಕೋಣಗಳೊಡನೆ ಸುಮಾರು 140 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಓಡಿ ದೇಶದ ಗಮನ ಸೆಳೆದರು. ಕೋಣಗಳ ಎಳೆತವಿರುವುದರಿಂದ ಆ ಓಟವನ್ನು ಬೋಲ್ಟ್‌ನ ಓಟಕ್ಕೆ ಹೋಲಿಸುವುದು ಸರಿಯಲ್ಲ. ಆದರೆ ಅವರ ಹುರಿಗಟ್ಟಿದ ಮೈಯನ್ನು ಕಂಡು, ಓಡಿದರೆ ಹೀಗಾಗುತ್ತದೆ ಎಂದುಕೊಂಡವರುಂಟು. ಅವರು ಕಟ್ಟಡದ ಕೆಲಸ ಮಾಡುತ್ತಿದ್ದವರು. ಓಡುತ್ತಿದ್ದುದು ಕಾಲನ್ನು ಹಿಡಿದೆಳೆಯುವ ಕೆಸರಿನಲ್ಲಿ. ಆ ಮೈಯ ಹಿಂದೆ ಭಾರವಿದೆ, ಬರಿಯ ಓಟವಲ್ಲ.

ಇನ್ನು ಹೆಣ್ಣುಮಕ್ಕಳ ವಿಷಯ. ಸ್ನಾಯುವನ್ನು ಹೆಚ್ಚು ಬೆಳೆಸುವ ಟೆಸ್ಟೊಸ್ಟೆರಾನ್ ಎಂಬ ರಸವು ವಯಸ್ಕ ಗಂಡಸರ ರಕ್ತದಲ್ಲಿ ಹೆಂಗಸರಿಗಿಂತ ಹತ್ತು ಹದಿನೈದು ಪಟ್ಟು ಹೆಚ್ಚು. ಆದುದರಿಂದ ಸಂಜೆ ಒಂದು ಗಂಟೆ ಓಡುವ ಬಾಲಕಿಯ ಕಾಲು ಕಂಬವಾಗುವುದೆಂಬುದು ಆಧಾರವಿಲ್ಲದ ಭಯ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಪದಕ ಕಳೆದುಕೊಂಡ ಪಿ. ಟಿ. ಉಷಾ ಅವರ ತೆಳ್ಳನೆಯ ಕಾಲುಗಳನ್ನು ನಮ್ಮ ತಲೆಮಾರು ಪತ್ರಿಕೆಗಳಲ್ಲಿ ನೋಡಿದೆ. ನೆರೆಯ ಕೊಡಗಿನ ಅಶ್ವಿನಿ ನಾಚಪ್ಪನವರು 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ವೇಗದ ಓಟಗಾರ್ತಿ. 1991ರಲ್ಲಿ ಅವರ ಹೆಸರಿನಲ್ಲೇ ಬಂದ ತೆಲುಗು ಚಿತ್ರಕ್ಕೆ ಅವರೇ ನಾಯಕಿ. ಓಡಿದರೆ ಚೆಲುವು ಕೆಡುತ್ತದೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಹಾಗಾದರೆ ಇಷ್ಟು ಜನ ಇದನ್ನು ನಂಬುವುದೇಕೆ? ಅದಕ್ಕೂ ಕಾರಣಗಳಿವೆ. ಮೊದಲನೆಯದು ವಯಸ್ಸು. ಶಾಲೆಯಲ್ಲಿ ಹುಡುಗಿಯರು ಓಟದ ಅಭ್ಯಾಸಕ್ಕೆ ಇಳಿಯುವುದು ಹನ್ನೆರಡು ಹದಿಮೂರರ ಸುಮಾರಿಗೆ. ಅದೇ ವಯಸ್ಸಿನಲ್ಲಿ ಪ್ರಕೃತಿಯು ಈಸ್ಟ್ರೊಜೆನ್ ಎಂಬ ರಸದ ಮೂಲಕ ಸೊಂಟಕ್ಕೂ ತೊಡೆಗೂ ತುಂಬು ಕೊಡುತ್ತದೆ. ಓಡಿದವಳಿಗೂ ಕೊಡುತ್ತದೆ, ಓಡದವಳಿಗೂ ಕೊಡುತ್ತದೆ. ನಾವು ಓಡಿದವಳನ್ನು ಮಾತ್ರ ನೋಡಿ, ನೋಡಿದಿರಾ, ಹೇಳಿರಲಿಲ್ಲವೆ, ಎನ್ನುತ್ತೇವೆ. ನನ್ನ ಮಗಳು ಓಟ ನಿಲ್ಲಿಸಿದ ಮೇಲೂ ಅವಳ ಕಾಲು ತುಂಬಿಕೊಂಡವು. ಆಗ ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ.

ಎರಡನೆಯದು, ಓಡಿದ ಕೂಡಲೆ ಸ್ನಾಯುಗಳಿಗೆ ರಕ್ತ ಹರಿದು ಕಾಲು ಬಿಗಿದಂತೆ, ಉಬ್ಬಿದಂತೆ ತೋರುವುದು. ಸ್ವಲ್ಪ ಹೊತ್ತಿನಲ್ಲಿ ಅದು ಇಳಿಯುತ್ತದೆ. ನಮ್ಮಂಥ ಬೆಟ್ಟದ ಊರುಗಳಲ್ಲಿ ಇನ್ನೊಂದು ಸಂಗತಿಯೂ ಸೇರುತ್ತದೆ. ಇಳಿಜಾರಿನಲ್ಲಿ ಓಡುವಾಗ ತೊಡೆಯ ಸ್ನಾಯು ಚಾಚಿಕೊಳ್ಳುತ್ತಲೇ ಮೈಭಾರವನ್ನು ತಡೆಯಬೇಕು. ರೂಢಿಯಿಲ್ಲದವರಿಗೆ ಮರುದಿನ ನೋವೂ ತುಸು ಊತವೂ ಕಾಣಿಸಿಕೊಂಡು, ಕೆಲವು ದಿನಗಳಲ್ಲಿ ಮಾಯವಾಗುತ್ತವೆ. ಇದು ಬೆಳವಣಿಗೆಯಲ್ಲ.

ಮೂರನೆಯದು ವಂಶ. ಮೀನಖಂಡದ ಆಕಾರ ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಕೆಲವರಲ್ಲಿ ಆ ಸ್ನಾಯು ಕೆಳಗಿನವರೆಗೆ ಇಳಿದಿರುತ್ತದೆ. ಕೆಲವರಲ್ಲಿ ಮೇಲೆಯೇ ಮುಗಿದು ಹಿಮ್ಮಡಿಯ ಸ್ನಾಯುರಜ್ಜು ಉದ್ದವಾಗಿರುತ್ತದೆ. ಇದನ್ನು ಓಟ ಬದಲಿಸದು. ನಾಲ್ಕನೆಯದು ಹಸಿವು. ಓಡಿ ಬಂದು ದಿನವೂ ಬೋಂಡ ಬಜ್ಜಿ ತಿಂದರೆ ಮೈಗೆ ಕೊಬ್ಬು ಸೇರುವುದು ಸಹಜ. ಆ ದೋಷವನ್ನು ಮೈದಾನದ ಮೇಲೆ ಹೊರಿಸಬಾರದು.

ನನ್ನ ಕಾಲುಗಳೂ ಸಾಕ್ಷಿ ಹೇಳಬಲ್ಲವು. ನಾನು ಅಂಚೆ ಇಲಾಖೆಯಲ್ಲಿದ್ದವನು. ಮಸಿನಗುಡಿಯಲ್ಲಿ, ಗೂಡಲೂರಿನಲ್ಲಿ, ಕೊನೆಗೆ ಉದಕಮಂಡಲದಲ್ಲಿ ಚೀಲ ಹೊತ್ತು ಏರಿಳಿದವನು. ಮಸಿನಗುಡಿ ಇರುವುದು ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿ. ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನು ಹತ್ತಿ ಬಂದರೆ ಉದಕಮಂಡಲ 2240 ಮೀಟರು. ಇಲ್ಲಿ ಸಮತಟ್ಟು ಬೀದಿಯೆಂಬುದೇ ಅಪರೂಪ. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರು ನಡೆದ ನನ್ನ ಕಾಲುಗಳು ಗಟ್ಟಿಯಾದವು, ದಪ್ಪವಾಗಲಿಲ್ಲ. ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಗುವ ಮುನ್ನ ಟಪಾಲು ಹೊತ್ತು ಓಡುತ್ತಿದ್ದ ಓಟದಾಳುಗಳ ಪರಂಪರೆ ನನ್ನದು. ಕಂಬದಂಥ ಕಾಲಿದ್ದರೆ ಆ ಕೆಲಸ ನಡೆಯುತ್ತಿತ್ತೆ? ಚಹಾ ತೋಟದ ಕಡಿದಾದ ಸಾಲುಗಳಲ್ಲಿ ಕೊಯ್ದ ಎಲೆಯ ಹೊರೆಯೊಡನೆ ದಿನವಿಡೀ ಏರಿಳಿಯುವ ಹೆಣ್ಣುಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಅವರ ಕಾಲನ್ನು ಕುರಿತು ಯಾರೂ ಚಿಂತಿಸಿದ್ದು ಕಾಣೆ. ಹೆಣ್ಣು ದುಡಿಯಲು ಏರಿದರೆ ಆಕ್ಷೇಪವಿಲ್ಲ, ತನ್ನ ಸಂತೋಷಕ್ಕೆ ಓಡಿದರೆ ಮಾತ್ರ ಆಕ್ಷೇಪ!

ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಏರುದಾರಿಯ ಓಟ ಸಮತಟ್ಟಿನ ಓಟಕ್ಕಿಂತ ಕಾಲಿಗೆ ಹೆಚ್ಚು ಬಲ ಕೊಡುತ್ತದೆ. ಹೊಸದಾಗಿ ಓಡಲು ತೊಡಗಿದವರ ತೊಡೆಯ ಸ್ನಾಯು ಅಲ್ಪಸ್ವಲ್ಪ ಬೆಳೆಯಲೂಬಹುದು. ಬೆಳೆದರೆ ತಪ್ಪೇನು? ಅದು ಬಲ. ಮೀನಖಂಡವು ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳಿ ಹೃದಯಕ್ಕೆ ನೆರವಾಗುತ್ತದೆ. ಮೂಳೆಗಳು ಗಟ್ಟಿಯಾಗುವ ಕಾಲವೆಂದರೆ ಎಳೆಯ ಪ್ರಾಯವೇ; ಮೂವತ್ತರೊಳಗೆ ಕೂಡಿಟ್ಟ ಗಂಟನ್ನು ಹೆಂಗಸರು ಮುಟ್ಟು ನಿಂತ ಮೇಲೆ ವೇಗವಾಗಿ ಕಳೆದುಕೊಳ್ಳುತ್ತಾರೆ. ಅರವತ್ತರಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಜ್ಜಿಯರು ನಮ್ಮ ಮನೆಗಳಲ್ಲಿ ಕಡಿಮೆಯೇ? 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹುಡುಗರಿಗೆ ಮಾತ್ರ ಎಂದು ಹೇಳಿಲ್ಲ.

ಎಚ್ಚರ ಬೇಕಾದ ಕಡೆ ಎಚ್ಚರವಿರಲಿ. ಕಾಲಿಗೆ ಹೊಂದುವ ಬೂಟು ಬೇಕು. ದೂರವನ್ನು ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ಹುಡುಗಿ ತೆಳ್ಳಗಾಗಲೆಂದು ಊಟ ಕಡಿಮೆ ಮಾಡಿ ಓಡಿದರೆ ಮುಟ್ಟು ತಪ್ಪಿ, ಮೂಳೆ ಸೊರಗುವ ಅಪಾಯವುಂಟು. ಕಾಲು ದಪ್ಪವಾಗುವ ಭಯಕ್ಕಿಂತ ಭಯಪಡಬೇಕಾದದ್ದು ಇದಕ್ಕೆ. ಒಂದೇ ಕಾಲು ಊದಿ ನೋಯುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಮಸಿನಗುಡಿಯ ಕಡೆಯ ಮಕ್ಕಳು ಮುಂಜಾವದಲ್ಲಿ ರಸ್ತೆಗಿಳಿದು ಓಡುವಂತಿಲ್ಲ. ಅದು ಆನೆಗಳು ಓಡಾಡುವ ಹೊತ್ತು. ಆದುದರಿಂದಲೇ ನಮ್ಮ ಮಕ್ಕಳಿಗೆ ಶಾಲೆಯ ಮೈದಾನ ಬೇರೆ ಊರಿನ ಮಕ್ಕಳಿಗಿಂತ ಹೆಚ್ಚು ಅಗತ್ಯ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ಕೇಳಿಬರುತ್ತಿದೆ. ಕಮಾನು ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಮೈದಾನದ ತಗ್ಗುದಿಣ್ಣೆಗಳನ್ನು ಸರಿಪಡಿಸಿ, ಸುಣ್ಣದ ಗೆರೆ ಎಳೆಸಿ, ಹುಡುಗಿಯರು ಬಟ್ಟೆ ಬದಲಿಸಲು ಒಂದು ಕೋಣೆ ಕಟ್ಟಿಸೋಣ. ತಾಯ್ತಂದೆಯರಲ್ಲಿ ಕೇಳಿಕೊಳ್ಳುವುದು ಇಷ್ಟೆ: ದೈಹಿಕ ಶಿಕ್ಷಕರು ನಿಮ್ಮ ಮನೆಯ ಬಾಗಿಲಿಗೆ ಬಂದಾಗ ನಾನು ಕೊಟ್ಟ ಉತ್ತರವನ್ನು ಕೊಡಬೇಡಿ.

ಮೊಮ್ಮಗಳು ಈಗ ತಂಡದಲ್ಲಿದ್ದಾಳೆ. ಅವಳಿಗೆ ಬೂಟು ಕೊಡಿಸಿ ಮೊದಲ ದಿನ ಮೈದಾನಕ್ಕೆ ಕರೆದೊಯ್ದವಳು ನನ್ನ ಮಗಳೇ. ಓಟ ಮುಗಿಯುವವರೆಗೆ ಗೆರೆಯ ಹತ್ತಿರ ನಿಂತಿದ್ದಳಂತೆ. ನಾನು ಏನೂ ಕೇಳಲಿಲ್ಲ.

ಐವತ್ತು ವರ್ಷಗಳ ಕಾಲ ಈ ಬೆಟ್ಟದ ಮೇಲೆ ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದ ಶಾಲೆ, ಮುಂದಿನ ಐವತ್ತು ವರ್ಷಗಳಲ್ಲಿ ನಮ್ಮ ಹೆಣ್ಣುಮಕ್ಕಳನ್ನು ನಿರ್ಭಯವಾಗಿ ಓಡಲೂ ಕಲಿಸಲೆಂದು ಹಾರೈಸುತ್ತೇನೆ.