ಬೆಕ್ಕಿನ ಉಸಿರು ಎಣಿಸಿದ್ದೀರಾ?

ಕತ್ತಲಗೆರೆ ಅಂದ್ರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗೋದು ಕೃಷಿ ಸಂಶೋಧನಾ ಕೇಂದ್ರ. ನನಗೆ ನೆನಪಾಗೋದು ಅಜ್ಜಿ ಮನೆ ಬೆಕ್ಕು ಚಿನ್ನಿ. ಒಂಬತ್ತು ವರ್ಷ ಭತ್ತದ ಚೀಲಗಳನ್ನ ಇಲಿಗಳಿಂದ ಕಾಯ್ದವಳು. ಹೋದ ಬೇಸಿಗೆ ರಜೆಯಲ್ಲಿ ಅವಳು ಜಗಲಿ ಮೇಲೆ ಕತ್ತು ಚಾಚಿ ಕೂತು, ಬಾಯಿ ತೆರೆದು ಉಸಿರಾಡ್ತಿದ್ಲು. "ಸೆಕೆಗೆ ಹಂಗೆ ಮಾಡ್ತದೆ ಬಿಡೋ" ಅಂದ್ರು ಅಜ್ಜಿ. ನಾನೂ ನಂಬಿದೆ. ನಾಯಿ ಹಾಗೆ ತೇಕೋದು ಸಹಜ, ಆದ್ರೆ ಬೆಕ್ಕು ಸುಮ್ಮನೆ ಕೂತಾಗ ಬಾಯಿ ತೆರೆದು ಉಸಿರಾಡಿದ್ರೆ ಅದು ಅಪಾಯದ ಗುರುತು. ಇದು ನನಗೆ ಗೊತ್ತಿರಲಿಲ್ಲ.

ನಾಲ್ಕು ದಿನ ಆದ್ಮೇಲೆ ಪೇಟೆಗೆ ಕರ್ಕೊಂಡು ಹೋಗಿ ಎಕ್ಸ್‌ರೇ ತೆಗೆಸಿದ್ವಿ. ಹೃದಯದ ಮುಂದೆ ದೊಡ್ಡ ಬಿಳಿ ನೆರಳು. "ಗಡ್ಡೆ ಇದೆ, ತುಂಬಾ ಬೆಳೆದಿದೆ" ಅಂದ್ರು ಡಾಕ್ಟ್ರು. ವಾರದೊಳಗೆ ಚಿನ್ನಿ ಹೋದ್ಲು.

ಹಾಸ್ಟೆಲ್‌ಗೆ ವಾಪಸ್ ಬಂದು ಇದರ ಬಗ್ಗೆ ಓದಿದೆ. ಎದೆಯೊಳಗೆ ಕೊಳವೆ ಇಳಿಸಿ ನೋಡೋದು ಹಳೇ ವಿದ್ಯೆ. 1910ರಲ್ಲೇ ಸ್ವೀಡನ್‌ನ ಜಾಕೋಬಿಯಸ್ ಎಂಬ ವೈದ್ಯರು ಮೂತ್ರಕೋಶ ನೋಡುವ ಉಪಕರಣವನ್ನು ರೋಗಿಗಳ ಎದೆಯೊಳಗೆ ಇಳಿಸಿ ನೋಡಿದ್ದರು. ಈಗ ಇದಕ್ಕೆ ಥೊರಾಕೋಸ್ಕೋಪಿ ಅಂತಾರೆ. ಪಕ್ಕೆಲುಬುಗಳ ನಡುವೆ ಸಣ್ಣ ತೂತುಗಳು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಕತ್ತರಿ, ಚಿಮಟ. ಪಕ್ಕೆಲುಬು ಅಗಲಿಸೋದು, ಎದೆಮೂಳೆ ಕೊಯ್ಯೋದು ಬೇಡ. ನೋವು ಕಡಿಮೆ, ಚೇತರಿಕೆ ಬೇಗ. ನಾಯಿಗಳಿಗೆ ಇದನ್ನ ಮಾಡಿದ್ದು ಹೆಚ್ಚು, ಬೆಕ್ಕುಗಳಿಗೆ ಕಡಿಮೆ.

ಯಾಕೆ ಕಡಿಮೆ? ಇದು ಪೂರ್ತಿ ನಮ್ಮ ಸಬ್ಜೆಕ್ಟು. ನಾಲ್ಕು ಕೆ.ಜಿ. ಪ್ರಾಣಿಯ ಎದೆಯಲ್ಲಿ ಕೈಯಾಡಿಸೋಕೆ ಜಾಗವೇ ಇಲ್ಲ. ಮನುಷ್ಯರಿಗೆ ಒಂದು ಶ್ವಾಸಕೋಶ ನಿಲ್ಲಿಸಿ ಇನ್ನೊಂದರಲ್ಲಿ ಉಸಿರಾಡಿಸಿ ಜಾಗ ಮಾಡ್ಕೋತಾರೆ. ಬೆಕ್ಕಿನ ಶ್ವಾಸನಾಳ ಅಷ್ಟು ಸಣ್ಣದು, ಆ ಕೊಳವೆಗಳು ಹಿಡಿಸೋದು ಕಷ್ಟ. ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡಬಹುದು, ಆದ್ರೆ ಒತ್ತಡ ಸ್ವಲ್ಪ ಜಾಸ್ತಿಯಾದ್ರೂ ಹೃದಯಕ್ಕೆ ತೊಂದರೆ. ಉಪಕರಣಗಳೂ ಎಷ್ಟೋ ಸಲ ಮಕ್ಕಳ ಆಪರೇಷನ್‌ಗೆ ಮಾಡಿದ 3 ಮಿ.ಮೀ. ಸಾಮಾನುಗಳೇ.

ಹಾಗಂತ ಎಲ್ಲ ಗಡ್ಡೆಗೂ ಇದೇ ದಾರಿ ಅಲ್ಲ. ಲಿಂಫೋಮಾ ಆದ್ರೆ ಚಾಕುಗಿಂತ ಔಷಧಿಯೇ ಮುಖ್ಯ. ಥೈಮೋಮಾ ಆದ್ರೆ ಆಪರೇಷನ್. ಅದಕ್ಕೇ ಮೊದಲು ಸೂಜಿ ಹಾಕಿ ಪರೀಕ್ಷೆ ಮಾಡ್ತಾರೆ. ಗಡ್ಡೆ ದೊಡ್ಡ ರಕ್ತನಾಳಕ್ಕೆ ಅಂಟಿದ್ರೆ ಎದೆ ತೆರೆಯಲೇಬೇಕು. ಬಿಡಿಸಿದ ಗಡ್ಡೆಯನ್ನ ಚೀಲಕ್ಕೆ ಹಾಕಿ ಆ ತೂತಿನಿಂದಲೇ ಹೊರಗೆ ತರಬೇಕು ಅನ್ನೋದೂ ನೆನಪಿರಲಿ. ಅಂದ್ರೆ ತೂತು ಸಣ್ಣದಾಗ್ಬೇಕಿದ್ರೆ ಗಡ್ಡೆ ಸಣ್ಣದಿರಬೇಕು. ಗಡ್ಡೆ ಸಣ್ಣದಿರಬೇಕಿದ್ರೆ ನಾವು ಬೇಗ ನೋಡ್ಬೇಕು. ಎಂಥ ಒಳ್ಳೇ ಕ್ಯಾಮೆರಾ ಬಂದ್ರೂ ನಾವು ತಡ ಮಾಡಿದ ನಾಲ್ಕು ದಿನ ವಾಪಸ್ ಬರಲ್ಲ.

ಬೇಗ ನೋಡೋಕೆ ಖರ್ಚೇನಿಲ್ಲ. ಬೆಕ್ಕು ಗಾಢ ನಿದ್ದೆಯಲ್ಲಿದ್ದಾಗ ಎದೆ ಏರಿಳಿಯೋದನ್ನ ಒಂದು ನಿಮಿಷ ಎಣಿಸಿ. ಮತ್ತೆ ಮತ್ತೆ 30ಕ್ಕಿಂತ ಜಾಸ್ತಿ ಬಂದ್ರೆ ಡಾಕ್ಟರ ಹತ್ರ ಹೋಗಿ. ಹೃದಯದ ಕಾಯಿಲೆ ಇದ್ರೂ, ಎದೆಯಲ್ಲಿ ನೀರು ತುಂಬಿದ್ರೂ ಹೀಗೆ ಆಗಬಹುದು. ಗಡ್ಡೆ ತೀರಾ ಚಿಕ್ಕದಿದ್ರೆ ಎಣಿಕೆ ಏನೂ ಹೇಳದೆಯೂ ಇರಬಹುದು, ನಿಜ. ಆದ್ರೂ ಬಾಯಿ ತೆರೆಯೋವರೆಗೆ ಕಾಯೋದಕ್ಕಿಂತ ಇದು ಎಷ್ಟೋ ವಾಸಿ.

ಪ್ರಾಜೆಕ್ಟ್ ಐಡಿಯಾ ಇಲ್ಲ ಅಂತ ಒದ್ದಾಡೋ ಇ.ಸಿ. ಮಿತ್ರರೇ, ಇಲ್ಲಿ ಒಂದಿದೆ. ಬೆಕ್ಕಿನ ಹಾಸಿಗೆ ಕೆಳಗೆ ಆಕ್ಸೆಲೆರೋಮೀಟರ್ ಇಟ್ಟು ಉಸಿರು ಎಣಿಸಿ. 30 ಉಸಿರು ಅಂದ್ರೆ 0.5 ಹರ್ಟ್ಜ್, ಗುರ್‌ಗುರ್ ಸದ್ದು ಸುಮಾರು 25 ಹರ್ಟ್ಜ್. ಒಂದು ಲೋ ಪಾಸ್ ಫಿಲ್ಟರ್ ಸಾಕು. ಸ್ಮಾರ್ಟ್ ಡಸ್ಟ್‌ಬಿನ್ ಇನ್ನೆಷ್ಟು ವರ್ಷ ಮಾಡ್ತೀರಿ?

"ಬೆಕ್ಕಿಗೆ ಇಷ್ಟೆಲ್ಲ ಬೇಕಾ?" ಅಂತ ಕೇಳೋರಿರ್ತಾರೆ. ಒಂಬತ್ತು ವರ್ಷ ಮನೆ ಭತ್ತ ಕಾಯ್ದವಳಿಗೆ ಒಂದು ನಿಮಿಷ ಕೊಡೋಕಾಗಲ್ವಾ? ಅಜ್ಜಿ ಮನೆಗೆ ಈಗ ಹೊಸ ಮರಿ ಬಂದಿದೆ. ಭಾನುವಾರ ಫೋನ್ ಮಾಡಿದಾಗ ಅಜ್ಜಿಯೇ ಮೊದಲು ಹೇಳ್ತಾರೆ: "ಇಪ್ಪತ್ತೆರಡು ಬಂತು ನೋಡೋ."