ಗಡಿಯಾಚೆಯ ಕನ್ನಡ ಶಾಲೆಗೆ ಒಂದು ಸರ್ವರ್

ವಿಂಡೋಸ್ 10ಕ್ಕೆ ಕಂಪೆನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಬಹಳಷ್ಟು ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಹೀಗಾಗಿ ಕಚೇರಿಗಳಿಂದ ಇನ್ನೂ ಗಟ್ಟಿಯಾಗಿರುವ ಕಂಪ್ಯೂಟರುಗಳು ಹೊರಬೀಳುತ್ತಿವೆ. ಅವು ಗುಜರಿ ಸೇರುವ ಮೊದಲು ಬೆಂಗಳೂರಿನ ಕನ್ನಡ ಸಂಘಗಳು, ಅಲ್ಲಿಂದ ಸುಮಾರು ನೂರು ಕಿಲೋಮೀಟರಿನ ಹಿಂದೂಪುರದತ್ತ, ಇನ್ನೂ ಆಚೆಯ ಕಲ್ಯಾಣದುರ್ಗದತ್ತ ಒಮ್ಮೆ ಕಣ್ಣು ಹಾಯಿಸಬಾರದೇ?

ಆ ಸೀಮೆಯ ಕನ್ನಡಿಗರು ನಮ್ಮಂತೆಯೇ ಗಡಿಯಾಚೆ ಉಳಿದವರು. 2022ರ ಏಪ್ರಿಲಿನಲ್ಲಿ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಈಗ ಅಹವಾಲು ಹೊತ್ತು ಇಬ್ಬರು ಕಲೆಕ್ಟರರ ಬಾಗಿಲಿಗೆ ಅಲೆಯಬೇಕು. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಯನ್ನು ಹೇಳುತ್ತದೆ. ಕಂಪ್ಯೂಟರ್ ಕೋಣೆಯ ಭಾಷೆಯನ್ನು ಕುರಿತು ಹೇಳುವುದಿಲ್ಲ. ಕಾಸರಗೋಡಿನ ನಮಗೆ ದೂರುಗಳು ನೂರಿದ್ದರೂ, 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಮತ್ತು ಅದರ ಈಗಿನ ರೂಪವಾದ 'ಕೈಟ್' ದೆಸೆಯಿಂದ ಸ್ವತಂತ್ರ ತಂತ್ರಾಂಶವೂ ಕನ್ನಡದ ಐ.ಟಿ. ಪುಸ್ತಕವೂ ಶಾಲೆಗೆ ಬಂದಿವೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಬಂದ ಹತ್ತು ಯಂತ್ರಗಳಲ್ಲಿ ಒಳ್ಳೆಯದೊಂದನ್ನು ಆರಿಸಿ, 16 ಜಿಬಿ ಮೆಮೊರಿ ಮತ್ತು ಒಂದು ಎಸ್‌ಎಸ್‌ಡಿ ಹಾಕಿದರೆ ಅದೇ ಸರ್ವರ್. 'ಎಲ್‌ಟಿಎಸ್‌ಪಿ' ಎಂಬ ಉಚಿತ ಲಿನಕ್ಸ್ ವ್ಯವಸ್ಥೆಯಲ್ಲಿ ಉಳಿದ ಒಂಬತ್ತಕ್ಕೆ ಹಾರ್ಡ್ ಡಿಸ್ಕೇ ಬೇಡ. ಅವು ತಂತಿಯ ಮೂಲಕ ಸರ್ವರಿನಿಂದಲೇ ಚಾಲನೆಗೊಂಡು ತಮ್ಮ ಪ್ರೊಸೆಸರಿನಲ್ಲೇ ಕೆಲಸ ಮಾಡುತ್ತವೆ. ಗ್ರೀಸ್ ದೇಶದ ಶಾಲೆಗಳು ಹೀಗೆಯೇ ಹಳೆಯ ಯಂತ್ರಗಳನ್ನು ದುಡಿಸುತ್ತಿವೆ. ಒಂದೊಂದರಲ್ಲೂ 4 ಜಿಬಿ ಮೆಮೊರಿ ಇದ್ದರೆ ಅನುಕೂಲ. ಹಣ ಉಳಿಸಬಾರದ ಜಾಗವೆಂದರೆ ಸ್ವಿಚ್: ಗಿಗಾಬಿಟ್ ಸ್ವಿಚ್ಚೇ ಆಗಬೇಕು, ವೈಫೈ ನಂಬಿ ಕೂರುವಂತಿಲ್ಲ. ಇಂಟರ್‌ನೆಟ್ ಇಲ್ಲದಿದ್ದರೂ ಚಿಂತೆಯಿಲ್ಲ. 'ಕಿವಿಕ್ಸ್' ಮೂಲಕ ಇಡೀ ಕನ್ನಡ ವಿಕಿಪೀಡಿಯವನ್ನು ಸರ್ವರಿನಲ್ಲೇ ಇಟ್ಟುಕೊಳ್ಳಬಹುದು.

ನಿಜವಾದ ತೊಡಕು ವಿದ್ಯುತ್ತಿನದು. ಹಳೆಯ ಯಂತ್ರವೊಂದು ಪರದೆಯೂ ಸೇರಿ ಸುಮಾರು 100 ವ್ಯಾಟ್ ಎಳೆದರೆ ಹತ್ತಕ್ಕೆ 1000. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇದ್ದರೂ ಪೂರ್ತಿ ಬರಿದು ಮಾಡುವಂತಿಲ್ಲ. ಒಂದು ಪೀರಿಯಡ್ಡು ದಾಟಿದರೆ ಹೆಚ್ಚು. ಅದೇ ಬ್ಯಾಟರಿಯನ್ನು ಸರ್ವರ್ ಮತ್ತು ಸ್ವಿಚ್ಚಿಗೆ ಮಾತ್ರ ಕೊಟ್ಟರೆ ಶಾಲೆ ಬಿಡುವವರೆಗೂ ಬರುತ್ತದೆ. ಕರೆಂಟು ಹೋದಾಗ ಮಕ್ಕಳ ಯಂತ್ರಗಳು ಆರಲಿ. ಅವರು ಉಳಿಸಿಟ್ಟ ಕಡತಗಳು ಸರ್ವರಿನಲ್ಲಿ ಕ್ಷೇಮ. ಇನ್ನೊಂದು ವಿಷಯ ಅರ್ತಿಂಗ್. ನಮ್ಮಲ್ಲಿ ಸಿಡಿಲಿನ ಭಯ. ಅನಂತಪುರ ಸೀಮೆಯಲ್ಲಿ ಮಳೆಯೇ ಅಪರೂಪ, ಒಣನೆಲದಲ್ಲಿ ಅರ್ತಿಂಗ್ ಗುಂಡಿ ಹೆಸರಿಗಷ್ಟೇ ಇರುತ್ತದೆ. ಉಪ್ಪು, ಇದ್ದಿಲು ತುಂಬಿ ಬೇಸಿಗೆಯುದ್ದಕ್ಕೂ ನೀರು ಹೊಯ್ಯುವ ಕೆಲಸ ಯಾರದೆಂದು ಮೊದಲೇ ಗೊತ್ತುಮಾಡಬೇಕು. ಧೂಳಿಗೆ ತಿಂಗಳಿಗೊಮ್ಮೆ ಬ್ರಷ್ಷು ಸಾಕು.

ಕನ್ನಡ ಟೈಪಿಂಗನ್ನು ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಕಲಿಸತಕ್ಕದ್ದು. ಹಳೆಯ ಫಾಂಟುಗಳಲ್ಲಿ ಹೊಡೆದ ನಮ್ಮ ಎಷ್ಟೋ ಪ್ರಶ್ನೆಪತ್ರಿಕೆಗಳನ್ನು ಬೇರೆ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ನಾನು ಹಿಂದೆ ದುಡಿದ ಶಾಲೆಯೊಂದರಲ್ಲಿ ಲ್ಯಾಬಿನ ಪಾಸ್‌ವರ್ಡ್ ಒಬ್ಬ ಮಾಸ್ತರರಿಗೆ ಮಾತ್ರ ಗೊತ್ತಿತ್ತು. ಅವರಿಗೆ ವರ್ಗವಾಯಿತು, ಇಡೀ ಒಂದು ವರ್ಷ ಕೋಣೆಗೆ ಬೀಗ. ಯಂತ್ರಗಳೇನೋ ಸರಿಯಾಗಿಯೇ ಇದ್ದವು! ಆದುದರಿಂದ ಯಂತ್ರ ಕಳುಹಿಸುವವರು ಒಂದೊಂದು ಶಾಲೆಯಿಂದ ಇಬ್ಬಿಬ್ಬರು ಅಧ್ಯಾಪಕರಿಗೆ ಬೇಸಿಗೆ ರಜೆಯಲ್ಲಿ ನಾಲ್ಕು ದಿನದ ತರಬೇತಿಯನ್ನೂ, ಕನ್ನಡದಲ್ಲಿ ಬರೆದ ನಾಲ್ಕು ಪುಟದ ಕೈಪಿಡಿಯನ್ನೂ ಜೊತೆಗೆ ಕೊಡಬೇಕು. ಪಾಸ್‌ವರ್ಡನ್ನು ಲಕೋಟೆಯಲ್ಲಿ ಮುಚ್ಚಿ ಹೆಡ್‌ಮಾಸ್ತರರ ಬೀರುವಿನಲ್ಲಿಟ್ಟು, ಚಾರ್ಜ್ ವಹಿಸಿಕೊಡುವ ಪಟ್ಟಿಯಲ್ಲಿ ಅದನ್ನೂ ಒಂದು ಬಾಬ್ತಾಗಿ ಬರೆಯತಕ್ಕದ್ದು.