ಊರ ಹೋಟೆಲಿನ ಒಂದೇ ಲೋಟ

ಬೆಳಗಿನ ಎಂಟು ಗಂಟೆ. ಹಳ್ಳಿಗಳನ್ನೆಲ್ಲ ಸುತ್ತಿಕೊಂಡು ಪೇಟೆಗೆ ಹೊರಟ ಸರ್ಕಾರಿ ಬಸ್ಸು ಒಂದು ಕೈಮರದ ಬಳಿ ನಿಲ್ಲುತ್ತದೆ. "ಕಾಫಿ ತಿಂಡಿಗೆ ಹತ್ತೇ ನಿಮಿಷ. ಆಮೇಲೆ ಬಸ್ಸು ಹೋಯ್ತು ಅಂತ ಬಯ್ಯಬೇಡಿ" ಎಂದು ಕಂಡಕ್ಟರ್ ಕೂಗುತ್ತಾನೆ. ಇಳಿದವರಲ್ಲಿ ಮಗಳನ್ನು ಕಾಲೇಜಿಗೆ ಸೇರಿಸಲು ಹೊರಟ ಒಬ್ಬ ತಂದೆಯೂ ಇದ್ದಾನೆ. ರಸ್ತೆಯ ಆಚೆ ಈಚೆ ಎರಡು ಹೋಟೆಲುಗಳು. ಒಂದಕ್ಕೆ ಬಣ್ಣದ ದೀಪ, ಗಾಜಿನ ಬಾಗಿಲು, ಗೋಡೆಯ ತುಂಬ ಎಪ್ಪತ್ತು ತಿಂಡಿಗಳ ಪಟ್ಟಿ. ಇನ್ನೊಂದು ಹೆಂಚಿನ ಮಾಡಿನ ಹಳೆಯ ಕಟ್ಟಡ. ನಾಲ್ಕು ಬೆಂಚು, ಒಂದು ಗಲ್ಲಾಪೆಟ್ಟಿಗೆ, ಸುಣ್ಣ ಬಳಿದ ಗೋಡೆ. ಬಸ್ಸಿನ ಮುಕ್ಕಾಲು ಪಾಲು ಜನ ಹೆಂಚಿನ ಮಾಡಿನ ಕಡೆಗೇ ನಡೆಯುತ್ತಾರೆ.

"ಅಪ್ಪ, ಎಲ್ಲರೂ ಅಲ್ಲಿಗೇ ಯಾಕೆ ಹೋಗ್ತಾರೆ?"

"ಅಲ್ಲಿ ಕಾಫಿ ಚೆನ್ನಾಗಿರುತ್ತಮ್ಮ."

ತಂದೆಯ ಉತ್ತರ ಸುಳ್ಳಲ್ಲ. ಆದರೆ ಅದು ಅರ್ಧ ಉತ್ತರ. ಇಂಗ್ಲಿಷಿನಲ್ಲಿ ಹೋಟೆಲು ಎಂದರೆ ರಾತ್ರಿ ತಂಗುವ ಜಾಗ. ಕನ್ನಡಿಗರು ಆ ಶಬ್ದವನ್ನು ತಂದು ಇಡ್ಲಿ ಕಾಫಿ ಸಿಗುವ ಜಾಗಕ್ಕೆ ಇಟ್ಟುಬಿಟ್ಟರು. ಹಳ್ಳಿಯಲ್ಲಂತೂ ಅದರ ಅರ್ಥ ಇನ್ನೂ ಹಿಗ್ಗಿದೆ. ಬಸ್ಸು ಕಾಯುವುದು ಅಲ್ಲಿ, ಪೇಪರು ಓದುವುದು ಅಲ್ಲಿ, ಅಡಿಕೆಯ ಧಾರಣೆ ತಿಳಿಯುವುದು ಅಲ್ಲಿ, ಪಂಚಾಯಿತಿ ಚುನಾವಣೆಯ ಸೋಲು ಗೆಲುವು ಮೊದಲು ತೀರ್ಮಾನವಾಗುವುದೂ ಅಲ್ಲಿಯೇ. ಮನೆ, ಶಾಲೆ ಬಿಟ್ಟರೆ ಅನೇಕ ಹಳ್ಳಿಯ ಮಕ್ಕಳು ಕಾಣುವ ಮೊದಲ ಸಾರ್ವಜನಿಕ ಸ್ಥಳ ಹೋಟೆಲು. ಆದ್ದರಿಂದ ಒಳ್ಳೆಯ ಹೋಟೆಲು ಯಾವುದು ಎಂದು ಅಳೆಯಲು ಕಲಿಯುವುದು ಬರೀ ನಾಲಿಗೆಯ ಚಪಲವಲ್ಲ.

ಮೊದಲು ತಟ್ಟೆಯ ವಿಷಯ. ಎಪ್ಪತ್ತು ತಿಂಡಿಗಳ ಪಟ್ಟಿ ತೂಗುಹಾಕಿದ ಹಳ್ಳಿ ಹೋಟೆಲನ್ನು ಕೊಂಚ ಅನುಮಾನದಿಂದಲೇ ನೋಡಬೇಕು. ದಿನಕ್ಕೆ ನೂರಿನ್ನೂರು ಜನ ಬರುವ ಕಡೆ ಅಷ್ಟೂ ತಿಂಡಿಗಳನ್ನು ಅಂದೇ ಮಾಡಿ ಅಂದೇ ಖರ್ಚು ಮಾಡುವುದು ಯಾವ ಭಟ್ಟರಿಂದಲೂ ಆಗದ ಕೆಲಸ. ನಿನ್ನೆಯದು ಇಂದಿಗೆ, ಇಂದಿನದು ನಾಳೆಗೆ ಉಳಿಯಲೇಬೇಕು. ನಾಲ್ಕೇ ತಿಂಡಿ ಮಾಡಿ, ಹತ್ತು ಗಂಟೆಗೆ "ಇಡ್ಲಿ ಖಾಲಿ ಸ್ವಾಮಿ" ಎಂದು ಕೈಯಾಡಿಸುವ ಹೋಟೆಲು ಗಿರಾಕಿಗೆ ನಿರಾಸೆ ಮಾಡಬಹುದು, ಮೋಸ ಮಾಡುವುದಿಲ್ಲ.

ನಾಡಿನಲ್ಲಿ ಹೆಸರಾದ ತಿಂಡಿಗಳನ್ನು ನೋಡಿದರೂ ಇದೇ ಪಾಠ. ಬೆಂಗಳೂರು-ಮೈಸೂರು ದಾರಿಯ ಮದ್ದೂರು ರೈಲು ನಿಲ್ದಾಣದಲ್ಲಿ 1917ರಲ್ಲಿ ರಾಮಚಂದ್ರ ಬುದ್ಯ ಎಂಬವರು ಮದ್ದೂರು ವಡೆ ಮಾಡಿ ಮಾರತೊಡಗಿದರು ಎಂಬುದು ಹೆಚ್ಚಿನವರು ಹೇಳುವ ಕತೆ. ಅಕ್ಕಿ ಹಿಟ್ಟು, ರವೆ, ಮೈದಾ, ಈರುಳ್ಳಿ ಕಲಸಿ ತಟ್ಟಿ ಕರಿದರಾಯಿತು. ಉದ್ದು ನೆನೆಹಾಕಿ ರುಬ್ಬುವ ಗೋಜಿಲ್ಲ. ಚಟ್ನಿ ಇಲ್ಲದಿದ್ದರೂ ನಡೆಯುತ್ತದೆ, ಕಾಗದದಲ್ಲಿ ಸುತ್ತಿಕೊಂಡು ರೈಲು ಹತ್ತಬಹುದು. ಅವಸರದ ಪ್ರಯಾಣಿಕನಿಗೆ ಇದಕ್ಕಿಂತ ತಕ್ಕ ತಿಂಡಿ ಯಾವುದು? ಬಿಡದಿ, ಕ್ಯಾತಸಂದ್ರಗಳ ತಟ್ಟೆ ಇಡ್ಲಿ, ದಾವಣಗೆರೆಯ ಬೆಣ್ಣೆ ದೋಸೆ, ಹುಬ್ಬಳ್ಳಿ-ಧಾರವಾಡದ ಗಿರಮಿಟ್ಟು, ಕರಾವಳಿಯ ಗೋಳಿಬಜೆ, ಮಲೆನಾಡಿನ ಕಡುಬು, ಒಂದೊಂದೂ ತನ್ನ ಊರಿನ ಬೆಳೆ, ತನ್ನ ಊರಿನ ಹವೆಯನ್ನು ಬಲ್ಲ ತಿಂಡಿ. ಒಳ್ಳೆಯ ಊರ ಹೋಟೆಲು ಪೇಟೆಯನ್ನು ಅಣಕಿಸಲು ಹೋಗುವುದಿಲ್ಲ.

ಹೋಟೆಲಿನ ಅಡಿಗೆಮನೆ ವಿಜ್ಞಾನದ ವಿದ್ಯಾರ್ಥಿಗೆ ಒಂದು ಪ್ರಯೋಗಶಾಲೆಯೂ ಹೌದು. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಿಗೆ ಉಬ್ಬುವುದು ಸೂಕ್ಷ್ಮಜೀವಿಗಳ ದುಡಿಮೆಯಿಂದ. ಅವು ಹಿಟ್ಟಿನ ಸಕ್ಕರೆಯ ಅಂಶವನ್ನು ತಿಂದು ಆಮ್ಲವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತವೆ. ಆಮ್ಲದಿಂದ ಹುಳಿ, ಅನಿಲದಿಂದ ಮೆತ್ತನೆ. ಬೇಸಗೆಯಲ್ಲಿ ಈ ಕೆಲಸ ಬೇಗ ಮುಗಿಯುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಬೆಳಗಾದರೂ ಹಿಟ್ಟು ಏಳುವುದಿಲ್ಲ. ಆಗ ಬಲ್ಲ ಭಟ್ಟರು ಪಾತ್ರೆಯನ್ನು ಒಲೆಯ ಪಕ್ಕದ ಬಿಸುಪಿನಲ್ಲಿಟ್ಟು ಕಾಯುತ್ತಾರೆ. ಕಾಯಲಾರದವರು ಸೋಡಾ ಸುರಿಯುತ್ತಾರೆ.

ಅವಸರದ ದಾರಿಗಳು ಇನ್ನೂ ಇವೆ. ಇಡ್ಲಿ ತಟ್ಟೆಗೆ ಹಾಸುವ ಒದ್ದೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವ ಅಭ್ಯಾಸ ಹಬ್ಬಿದ್ದು ಬೆಳಕಿಗೆ ಬಂದು, 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಅದನ್ನು ನಿಷೇಧಿಸಬೇಕಾಯಿತು. ಅದಕ್ಕೆ ಒಂದು ವರ್ಷ ಮೊದಲು, 2024ರ ಮಾರ್ಚ್‌ನಲ್ಲಿ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದಕ್ಕೂ ತಡೆ ಬಿತ್ತು. ಕರಿದ ಎಣ್ಣೆಗೂ ಲೆಕ್ಕವುಂಟು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳೆಂಬ ಕೆಟ್ಟ ಪದಾರ್ಥಗಳು ಹೆಚ್ಚುತ್ತವೆ. ಅವು ಶೇಕಡಾ 25ನ್ನು ಮೀರಿದರೆ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರಿಂದ ಇದೆ. ಅಳೆಯುವ ಯಂತ್ರ ಗಿರಾಕಿಯ ಜೇಬಿನಲ್ಲಿ ಇರುವುದಿಲ್ಲ, ಕಣ್ಣು ಮೂಗು ಇರುತ್ತವೆ. ಎಣ್ಣೆ ಕಪ್ಪಾಗಿ, ಮಂದವಾಗಿ, ಬೇಗನೆ ಹೊಗೆಯಾಡಿ ನೊರೆಗಟ್ಟಿದರೆ ಅಂದು ವಡೆ ಬೇಡವೆನ್ನುವುದು ಜಾಣತನ.

ಇಷ್ಟೆಲ್ಲಕ್ಕಿಂತ ಮುಖ್ಯವಾದದ್ದು ಲೋಟ. ಟೈಫಾಯಿಡ್, ಕಾಲರಾ, ಒಂದು ಬಗೆಯ ಕಾಮಾಲೆ ಇವೆಲ್ಲ ಕೆಟ್ಟ ನೀರಿನ ಜೊತೆ ಬರುವ ರೋಗಗಳು. ಒಂದೇ ಬಕೀಟಿನ ನೀರಿನಲ್ಲಿ ಮೂವತ್ತು ಲೋಟ ಅದ್ದಿ ತೆಗೆಯುವ ಹೋಟೆಲಿನಲ್ಲಿ ಕಾಫಿ ಅಮೃತವಾಗಿದ್ದರೂ ಏನು ಫಲ? ಹರಿಯುವ ನೀರಿನಲ್ಲಿ ತೊಳೆದು, ಬಿಸಿನೀರಿನಲ್ಲಿ ಜಾಲಾಡಿಸಿ, ಕವುಚಿ ಹಾಕಿದ ಲೋಟಗಳ ಸಾಲು ಕಂಡರೆ ಆ ಹೋಟೆಲಿನ ಅರ್ಧ ಪರೀಕ್ಷೆ ಮುಗಿದಂತೆ. ಪರವಾನಗಿ ಅಥವಾ ನೋಂದಣಿಯ 14 ಅಂಕಿಗಳ ಸಂಖ್ಯೆ ಗೋಡೆಯ ಮೇಲೆ ಕಾಣುವಂತೆ ಇರಬೇಕು. ಅದನ್ನು ನೋಡುವುದು ಗಿರಾಕಿಯ ಹಕ್ಕು, ಅಧಿಕಪ್ರಸಂಗವಲ್ಲ.

ಉಳಿದ ಅರ್ಧ ಪರೀಕ್ಷೆಯೂ ಲೋಟದ್ದೇ. ಆ ಲೋಟ ಯಾರ ಕೈಗೆ ಸಿಗುತ್ತದೆ?

ಒಂದು ಕಾಲಕ್ಕೆ ಈ ಪ್ರಶ್ನೆಯ ಉತ್ತರ ನಾಚಿಕೆಗೇಡಿನದಾಗಿತ್ತು. ಜಾತಿ ನೋಡಿ ಒಳಗೆ ಕೂರಿಸುವ, ಕೆಲವರಿಗೆ ಬೇರೆ ಪಂಕ್ತಿ ಹಾಕುವ ಹೋಟೆಲುಗಳು ಪೇಟೆಗಳಲ್ಲಿಯೂ ಇದ್ದವು. ಹಳ್ಳಿಯಲ್ಲಿ ದಲಿತರು ಹೋಟೆಲಿನ ಹೊರಗೆ ನೆಲದ ಮೇಲೆ ಕೂತು, ತಮಗೆಂದೇ ಗೋಡೆಗೆ ಸಿಕ್ಕಿಸಿಟ್ಟ ತೆಂಗಿನ ಚಿಪ್ಪಿನಲ್ಲೋ ಬೇರೆ ಲೋಟದಲ್ಲೋ ಕಾಫಿ ಹುಯ್ಯಿಸಿಕೊಂಡು, ಕುಡಿದು, ತಾವೇ ತೊಳೆದಿಡಬೇಕಾಗಿತ್ತು. ದುಡ್ಡು ಮಾತ್ರ ಎಲ್ಲರದೂ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತಿತ್ತು!

ಸಂವಿಧಾನ ಬರೆದ ಹಿರಿಯರಿಗೆ ಹೋಟೆಲು ಚಿಲ್ಲರೆ ವಿಷಯವಾಗಿ ಕಾಣಲಿಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ತೊಡೆದುಹಾಕಿತು. 15ನೇ ವಿಧಿ ಅಂಗಡಿ, ಉಪಾಹಾರ ಗೃಹ, ಹೋಟೆಲುಗಳ ಹೆಸರನ್ನೇ ಎತ್ತಿ, ಜಾತಿ, ಧರ್ಮ, ಲಿಂಗ, ಹುಟ್ಟಿದ ಸ್ಥಳಗಳ ಕಾರಣಕ್ಕೆ ಯಾವ ಪ್ರಜೆಯನ್ನೂ ಒಳಗೆ ಬಿಡದಿರುವಂತಿಲ್ಲ ಎಂದಿತು. 1955ರಲ್ಲಿ ಬಂದು, 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೊಸ ಹೆಸರು ಪಡೆದ ಕಾಯ್ದೆ ಇನ್ನೂ ಒಳಕ್ಕೆ, ಪಾತ್ರೆಯವರೆಗೇ ಹೋಗುತ್ತದೆ. ಹೋಟೆಲಿನಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಯನ್ನು ಅಸ್ಪೃಶ್ಯತೆಯ ಕಾರಣದಿಂದ ಒಬ್ಬರಿಗೆ ನಿರಾಕರಿಸಿದರೆ ಒಂದು ತಿಂಗಳಿಗೆ ಕಡಿಮೆಯಿಲ್ಲದ, ಆರು ತಿಂಗಳವರೆಗಿನ ಸೆರೆವಾಸ, ಜೊತೆಗೆ ದಂಡ. ಒಂದು ಲೋಟಕ್ಕಾಗಿ ಜೈಲು!

ಕಾನೂನು ಬಂದ ಮಾತ್ರಕ್ಕೆ ಮನಸ್ಸು ಬದಲಾಗಿಬಿಡುತ್ತದೆಯೇ? ಎಷ್ಟೋ ಕಡೆ ಬದಲಾಗಿದೆ. ಬದಲಾಗದ ಕಡೆ ಹಳೆಯ ಚಾಳಿ ಹೊಸ ವೇಷ ತೊಟ್ಟಿದೆ. ಎಲ್ಲರಿಗೂ ಕಾಗದದ ಲೋಟ ಕೊಟ್ಟರೆ ಅದು ಹೋಟೆಲಿನ ಅನುಕೂಲ. ಊರಿನ ಕೆಲವರಿಗೆ ಸ್ಟೀಲಿನ ಲೋಟ, ಕೆಲವರಿಗೆ ಮಾತ್ರ ಹೊರಗಿನಿಂದಲೇ ಕಾಗದದ ಲೋಟ ಎಂದಾದರೆ ಅದು ಅದೇ ತೆಂಗಿನ ಚಿಪ್ಪು. ಇದನ್ನು ಕಾಣಲು ಕಣ್ಣು ಬೇಕು. ಆ ಕಣ್ಣು ಮಕ್ಕಳಿಗೆ ಬರುವುದು ಸಮಾಜ ಪಾಠದ ಪುಸ್ತಕದಿಂದ ಸ್ವಲ್ಪ, ಅಪ್ಪ ಅಮ್ಮ ಯಾರ ಪಕ್ಕದ ಬೆಂಚಿನಲ್ಲಿ ಸಂಕೋಚವಿಲ್ಲದೆ ಕೂರುತ್ತಾರೆ ಎಂಬುದರಿಂದ ಬಹಳ.

ಇನ್ನು, ಲೋಟ ತೊಳೆಯುವವರು ಯಾರು? ಉಡುಪಿ ಕಡೆಯ ಹೋಟೆಲುಗಳ ಜೊತೆ "ಮಾಣಿ" ಎಂಬ ಕೂಗೂ ಊರೂರಿಗೆ ಹೋಯಿತು. ಹತ್ತು ಹನ್ನೆರಡು ವರ್ಷದ ಹುಡುಗರು ಊರು ಬಿಟ್ಟು ಹೋಟೆಲು ಸೇರಿ, ಮೇಜು ಒರೆಸಿ ಬೆಳೆದರು. ಮುಂಬಯಿಗೆ ಹೋದವರಲ್ಲಿ ಕೆಲವರು ಹಗಲೆಲ್ಲ ತಟ್ಟೆ ತೊಳೆದು, ಸಂಜೆ ಕನ್ನಡದ ರಾತ್ರಿ ಶಾಲೆಗಳಲ್ಲಿ ಕೂತು ಅಕ್ಷರ ಕಲಿತರು; ಮುಂದೆ ತಾವೇ ಹೋಟೆಲು ಇಟ್ಟವರೂ ಇದ್ದಾರೆ. ಅವರ ಛಲ ದೊಡ್ಡದು. ಹಾಗೆಂದು ಆ ಬಾಲ್ಯವನ್ನು ಯಾರೂ ಹೊಗಳಬೇಕಾಗಿಲ್ಲ. ಗೆದ್ದವರ ಕತೆ ಉಳಿಯಿತು, ಸೋತವರ ಲೆಕ್ಕ ಇಟ್ಟವರಿಲ್ಲ. 2006ರ ಅಕ್ಟೋಬರ್ 10ರಿಂದ ಹೋಟೆಲು, ಚಹಾದಂಗಡಿಗಳಲ್ಲಿ 14 ವರ್ಷದೊಳಗಿನ ಮಕ್ಕಳ ದುಡಿಮೆಗೆ ನಿಷೇಧ ಬಂತು. 2016ರ ತಿದ್ದುಪಡಿ ಆ ವಯಸ್ಸಿನ ಮಕ್ಕಳನ್ನು ಯಾವ ಕೆಲಸಕ್ಕೂ ನೇಮಿಸಿಕೊಳ್ಳಬಾರದೆಂದಿತು. ಶಾಲೆಯ ಹೊತ್ತಿನಲ್ಲಿ ಶಾಲೆಗೆ ಹೋಗುವ ವಯಸ್ಸಿನ ಹುಡುಗ ಮೇಜು ಒರೆಸುತ್ತಿದ್ದರೆ ಆ ಮೇಜಿನ ತಿಂಡಿ ಎಷ್ಟು ರುಚಿಯಾಗಿದ್ದರೂ ಅದು ಒಳ್ಳೆಯ ಹೋಟೆಲಲ್ಲ. ಮಕ್ಕಳ ಸಹಾಯವಾಣಿ 1098 ಎಂಬ ನಾಲ್ಕು ಅಂಕಿ ಪ್ರತಿ ವಿದ್ಯಾರ್ಥಿಗೂ ಬಾಯಿಪಾಠವಾಗಿರಬೇಕು.

ಮತ್ತೊಂದು ಮಾತು ಹುಡುಗಿಯರನ್ನು ಕುರಿತದ್ದು. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತು. ಬಸ್ಸು ಹತ್ತುವುದು ಸುಲಭವಾಯಿತು. ಬಸ್ಸು ಕಾಯುವುದು ಸುಲಭವಾಯಿತೆ? ಮಳೆ ಸುರಿಯುತ್ತಿದ್ದರೂ ಹೋಟೆಲಿನ ಒಳಗೆ ಕಾಲಿಡದೆ ಕೊಡೆ ಹಿಡಿದು ರಸ್ತೆಯಲ್ಲೇ ನಿಲ್ಲುವ ಕಾಲೇಜು ಹುಡುಗಿಯರು ಈಗಲೂ ಕಾಣುತ್ತಾರೆ. ಒಳಗೆ ಬರಿಯ ಗಂಡಸರು, ಬೀಡಿಯ ಹೊಗೆ, ಹೊರಳುವ ಕಣ್ಣುಗಳು. ಹುಡುಗಿಯೊಬ್ಬಳು ಒಬ್ಬಳೇ ಹೋಗಿ, ಅರ್ಧ ಗಂಟೆ ಕೂತು, ಒಂದು ಕಾಫಿ ಕುಡಿದು, ಪೇಪರು ಓದಿ, ಶೌಚಾಲಯ ಎಲ್ಲಿದೆ ಎಂದು ಸಂಕೋಚವಿಲ್ಲದೆ ಕೇಳಿ ಬರಬಹುದಾದರೆ ಅದು ಒಳ್ಳೆಯ ಊರ ಹೋಟೆಲು. ಇದಕ್ಕೆ ಹೆಚ್ಚಿನ ಬಂಡವಾಳ ಬೇಡ. ಗಲ್ಲಾದ ಮೇಲೆ ಕೂತ ಯಜಮಾನರು ಒಂದು ಸಲ ತಲೆಯೆತ್ತಿ ನೋಡಿದರೆ ಸಾಕು, ಹೊರಳುವ ಕಣ್ಣು ತಟ್ಟೆಗೆ ಇಳಿಯುತ್ತದೆ.

ಇತ್ತ ಕೈಮರದ ಬಳಿ ಕಂಡಕ್ಟರ್ ಸೀಟಿ ಊದಿದ್ದಾನೆ. ತಂದೆ ದುಡ್ಡು ಕೊಡುತ್ತಿದ್ದಾನೆ. ಮಗಳು ಇಷ್ಟು ಹೊತ್ತು ಸುಮ್ಮನೆ ಕೂತಿರಲಿಲ್ಲ. ಎದುರು ಬೆಂಚಿನಲ್ಲಿ ಗದ್ದೆ ಕೆಲಸಕ್ಕೆ ಹೊರಟ ಮುದುಕಪ್ಪ, ಅವನ ಪಕ್ಕದಲ್ಲಿ ಶಾಲೆಯ ಮೇಷ್ಟ್ರು. ಇಬ್ಬರಿಗೂ ಒಂದೇ ಬಗೆಯ ಸ್ಟೀಲಿನ ಲೋಟ. ಪೇಪರಿನ ಹಾಳೆಗಳು ಇಬ್ಬರ ಕೈಯಲ್ಲೂ ಹಂಚಿಹೋಗಿವೆ. ಒಳಗೆ ಪಾತ್ರೆ ತೊಳೆಯುತ್ತಿರುವಾಕೆ ನಡುವಯಸ್ಸಿನ ಹೆಂಗಸು. ಅವಳ ಮಗ ಹೆಗಲಿಗೆ ಚೀಲ ಹಾಕಿಕೊಂಡು ಶಾಲೆಗೆ ಹೊರಟಿದ್ದಾನೆ. ಹೋಗುವಾಗ ಯಜಮಾನರು ಅವನ ಕೈಗೊಂದು ಬಿಸಿ ಇಡ್ಲಿಯ ಪೊಟ್ಟಣ ಇಟ್ಟರು.

ಬಸ್ಸು ಹತ್ತಿ ಕುಳಿತ ಮೇಲೆ ತಂದೆ ಕೇಳಿದ: "ಹೇಗಿತ್ತಮ್ಮ, ನಾನು ಹೇಳಿದ್ದು ಸರಿ ತಾನೆ?"

"ಹೋಟೆಲು ಬಹಳ ಚೆನ್ನಾಗಿದೆ ಅಪ್ಪ" ಎಂದಳು ಮಗಳು. "ಕಾಫಿಗೆ ಮಾತ್ರ ಸಕ್ಕರೆ ಜಾಸ್ತಿ."